ಎಲೆಯಕ್ಕ ಬಿಚ್ಚಿದ ಶಾಲು

ಬಾಗಿಲು ಹಾರುಹೊಡೆದು ತೆರೆದಿದ್ದರೂ ತಟ್ಟದೆ ಒಳಗೆ ಬರುವವಳಲ್ಲ ಎಲೆಯಕ್ಕ. ಅಡುಗೆಮನೆಯ ಬಾಗಿಲಾಗಲಿ, ಹಿತ್ತಿಲ ಬಾಗಿಲಾಗಲಿ, ತಾನೊಬ್ಬಳೇ ಮಲಗುವ ಕೋಣೆಯ ಬಾಗಿಲಾಗಲಿ, ಬೆರಳಿನ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಒಳಗಿನಿಂದ ಅನುಮತಿ ದೊರೆತವಳ ಹಾಗೆ ತಲೆಯಾಡಿಸಿ, ಆಮೇಲೆ ಹೊಸ್ತಿಲು ದಾಟುವಳು. ಒಮ್ಮೆ ಬೀರುವಿನ ಬಾಗಿಲನ್ನೂ ತಟ್ಟಿದ್ದನ್ನು ಅವಳ ಅಣ್ಣ ಕಣ್ಣಾರೆ ಕಂಡು, ಒಳಗಿರುವ ಕೋಟು ಇನ್ನೂ ಎದ್ದಿಲ್ಲ, ಸ್ವಲ್ಪ ತಾಳು ಎಂದಿದ್ದರು. ಅವಳು ನಗಲಿಲ್ಲ. ತಾಳಿದಳು. ಆಮೇಲೆ ಬೀರು ತೆರೆದಳು.

ಈ ಅಭ್ಯಾಸ ಅವಳಿಗೆ ಕತ್ತಲೆ ಕಲಿಸಿದ್ದು. ಚಿಕ್ಕ ವಯಸ್ಸಿನಲ್ಲೇ ಫೋಟೋ ಸ್ಟುಡಿಯೋ ಒಂದರ ಡಾರ್ಕ್‌ರೂಮಿಗೆ ಕೆಲಸಕ್ಕೆ ಸೇರಿದವಳು ಕೂದಲು ನರೆಯುವವರೆಗೂ ಅಲ್ಲಿಯೇ ಇದ್ದಳು. ಹೊರಗೆ ಕೆಂಪು ದೀಪ ಉರಿಯುವಾಗ ಯಾರಾದರೂ ತಟ್ಟದೆ ಬಾಗಿಲು ತೆಗೆದರೆ ಒಂದು ಮದುವೆಯ ಅಷ್ಟೂ ಮುಖಗಳು ಒಂದೇ ಕ್ಷಣಕ್ಕೆ ಮಸಿಯಾಗುತ್ತಿದ್ದ ಕಾಲ ಅದು. ಬಿಳಿಯ ಕಾಗದವನ್ನು ತಟ್ಟೆಯ ರಾಸಾಯನಿಕದ ನೀರಿನಲ್ಲಿ ಅದ್ದಿ, ಮೆಲ್ಲಗೆ ತೂಗುತ್ತ, ಏನೂ ಇಲ್ಲದ ಕಡೆಯಿಂದ ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ನಗು ಮೂಡಿಬರುವುದನ್ನು ಕಾಯುವುದು ಅವಳ ಕಸುಬು. ಮನೆಯಲ್ಲಿ ಅವಳ ಮದುವೆಯ ಮಾತು ಎದ್ದಾಗಲೆಲ್ಲ ಓವರ್‌ಟೈಮ್ ಇದೆಯೆಂದು ಸ್ಟುಡಿಯೋಗೆ ಹೋಗಿ ಕೆಂಪು ದೀಪ ಹಾಕಿಕೊಂಡುಬಿಡುತ್ತಿದ್ದಳಂತೆ. ಕೆಂಪು ದೀಪ ಉರಿಯುವಲ್ಲಿಗೆ ಗಂಡಿನ ಕಡೆಯವರೂ ಬರುವಂತಿಲ್ಲವಲ್ಲ.

ಚಿತ್ರಗಳೆಲ್ಲ ಜನರ ಅಂಗೈಯೊಳಗಿನ ಫೋನಿಗೆ ಹೋಗಿ ಸೇರಿದ ಮೇಲೆ ಸ್ಟುಡಿಯೋದ ಯಜಮಾನ ಡಾರ್ಕ್‌ರೂಮಿನ ಗೋಡೆ ಒಡೆಸಿ ಕಿಟಕಿ ಇಡಿಸಿದ. ಎಲೆಯಕ್ಕನಿಗೆ ಅಲ್ಲಿಂದ ಉಳಿದು ಬಂದದ್ದು ಮೊಣಕಾಲಿನವರೆಗೆ ಇಳಿಯುವ ಒಂದು ನೀಲಿ ಕೋಟು, ಎರಡು ಅಗಲವಾದ ತಟ್ಟೆ, ಮತ್ತು ಮೆಲುದನಿ. ಕತ್ತಲಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಹಗಲಿನಲ್ಲೂ ಅವಳು ಹಾಗೆಯೇ ಮಾತಾಡುವಳು, ಗುಟ್ಟು ಹೇಳುವ ಹಾಗೆ. ತರಕಾರಿಯವನ ಬಳಿ ಅವಳು ಈರುಳ್ಳಿ ಸಿಪ್ಪೆ ಕೇಳುವುದನ್ನು ದೂರದಿಂದ ಕಂಡವರು ಏನೋ ಕಳ್ಳಮಾಲಿನ ವ್ಯವಹಾರ ನಡೆದಿದೆ ಎಂದೇ ತಿಳಿಯಬೇಕು.

ನಡಿಗೆಯೂ ಹಾಗೆಯೇ. ನೆಲ ನೋಡಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಬಿದ್ದ ಎಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಬೆನ್ನು ತಿರುಗಿಸಿ ನರ ನೋಡಿ, ಮೂಸಿ, ಕೋಟಿನ ಜೇಬಿಗೆ ಇಳಿಸುವಳು. ಬೀದಿಗೆ ಹೊಸಬರಾಗಿ ಬಂದವರು ಪಾಪ ಓಲೆಯೋ ಉಂಗುರವೋ ಕಳೆದುಕೊಂಡಿದ್ದಾರೆಂದು ತಾವೂ ಬಗ್ಗಿ ಹುಡುಕಿದ್ದುಂಟು. ಹಳಬರು ಹುಡುಕುವುದಿಲ್ಲ. ಅವರು ತಮ್ಮ ಅಂಗಳ ಗುಡಿಸುವ ಮೊದಲು ಅವಳಿಗೆ ಹೇಳಿಕಳಿಸುತ್ತಾರೆ. ಮಕ್ಕಳು ಇಟ್ಟ ಹೆಸರು ಎಲೆಯಕ್ಕ. ಮಕ್ಕಳು ಬೆಳೆದು ದೊಡ್ಡವರಾದರೂ ಹೆಸರು ಬೆಳೆಯಲಿಲ್ಲ, ಹಾಗೆಯೇ ನಿಂತಿತು.

ಇಂಥ ನಾದಿನಿಯೊಡನೆ ಒಂದೇ ಸೂರಿನಡಿ ಬಾಳುವುದು ಹೇಗಿರುತ್ತದೆ ಎಂಬುದನ್ನು ಅತ್ತಿಗೆಯನ್ನೇ ಕೇಳಬೇಕು. ಅತ್ತಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯನ್ನು ನೋಡಿಕೊಳ್ಳುವವರು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಅಂಗಿ, ಎಲ್ಲವೂ ಲಾಂಡ್ರಿಯಿಂದ ಬಂದು ಮೊದಲು ಅವರ ಕಣ್ಣಿನ ಮುಂದೆ ಹಾದು, ಕಲೆಯಿಲ್ಲವೆಂದು ಅವರು ಒಪ್ಪಿದ ಮೇಲೆಯೇ ವಾರ್ಡಿಗೆ ಹೋಗಬೇಕು. ರಕ್ತದ ಕಲೆಗೆ ತಣ್ಣೀರು, ಶಾಯಿಗೆ ಹಾಲು, ತುಕ್ಕಿಗೆ ನಿಂಬೆಹಣ್ಣು ಮತ್ತು ಉಪ್ಪು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರು. ಒಬ್ಬಾಕೆ ಕಲೆ ತೆಗೆಯುವುದರಲ್ಲಿ ಆಯುಷ್ಯ ಸವೆಸಿದವರು. ಇನ್ನೊಬ್ಬಳು ಕಲೆ ಮೂಡಿಸುವುದರಲ್ಲಿ ಉಳಿದ ಆಯುಷ್ಯ ಕಳೆಯಲು ಹೊರಟವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧವಾದದ್ದು ಆಶ್ಚರ್ಯವಲ್ಲ.

ಶುರುವಾದದ್ದೂ ಅತ್ತಿಗೆಯ ದಿಂಬಿನ ಚೀಲದಿಂದಲೇ. ತಂತಿಯ ಮೇಲೆ ಒಣಗಲು ಹಾಕಿದ್ದ ಒದ್ದೆ ಚೀಲಕ್ಕೆ ಗಾಳಿಯಲ್ಲಿ ಹಾರಿಬಂದ ಎಲೆಯೊಂದು ಅಂಟಿಕೊಂಡು, ಒಣಗಿ, ಉದುರಿ, ತನ್ನ ಕಂದು ನೆರಳನ್ನು ಅಲ್ಲೇ ಬಿಟ್ಟು ಹೋಗಿತ್ತು. ಅತ್ತಿಗೆ ಅದನ್ನು ಹಿಡಿದು ಗಾಳಿಗೂ ಗಿಡಕ್ಕೂ ಸೇರಿಸಿ ಬೈಯುತ್ತ ಬಚ್ಚಲಿಗೆ ನಡೆದಿದ್ದರು. ಕೆಲಸ ಕಳೆದುಕೊಂಡು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಎಲೆಯಕ್ಕ ಎದ್ದು ಬಂದು, ಬಚ್ಚಲ ಬಾಗಿಲು ತಟ್ಟಿ, ಒಗೆಯಬೇಡಿ ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅತ್ತಿಗೆಗೆ ಅದು ಗೊತ್ತಿತ್ತು. ಆದ್ದರಿಂದಲೇ ಚೀಲವನ್ನು ಅವಳ ಕೈಗೆ ಕೊಟ್ಟರು. ಕೊಟ್ಟದ್ದು ಎಂಥ ತಪ್ಪಾಯಿತೆಂದು ಆಮೇಲೆ ಬಹುಕಾಲ ಹೇಳುತ್ತಿದ್ದರು.

ಏಕೆಂದರೆ ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಲಟ್ಟಣಿಗೆ ಬೇಕೆಂದಾಗ ಅದು ಬಟ್ಟೆ ಸುತ್ತಿಕೊಂಡು, ಮೈತುಂಬ ದಾರ ಬಿಗಿಸಿಕೊಂಡು, ಪಾತ್ರೆಯ ಹಬೆಯಲ್ಲಿ ಮಲಗಿರುತ್ತಿತ್ತು. ಹಳೆಯ ಮೊಳೆಗಳನ್ನು ವಿನೆಗರಿನಲ್ಲಿ ನೆನೆಹಾಕಿದ ಸೀಸೆಯೊಂದು ಕಿಟಕಿಯಲ್ಲಿ ಕುಳಿತು ದಿನದಿನಕ್ಕೆ ಕಪ್ಪಾಗುತ್ತಿತ್ತು. ಅದನ್ನು ಎಲೆಯಕ್ಕ ತುಕ್ಕುನೀರು ಎನ್ನುವಳು, ಅಣ್ಣ ಕಷಾಯ ಎನ್ನುವರು. ಅವಳ ಕೆಲಸದ ಕ್ರಮ ಹೇಳಲು ಸುಲಭ, ಮಾಡಲು ಕಷ್ಟ. ಬಟ್ಟೆಯನ್ನು ಪಟಿಕದ ನೀರಿನಲ್ಲಿ ನೆನೆಸಿ ಹಿಂಡುವಳು. ಎಲೆಗಳನ್ನು ತುಕ್ಕುನೀರಿನಲ್ಲಿ ಅದ್ದಿ ಬಟ್ಟೆಯ ಒಂದು ಅರ್ಧದ ಮೇಲೆ ಬೆನ್ನು ಕೆಳಗಾಗಿ ಹಾಸುವಳು. ಇನ್ನರ್ಧವನ್ನು ಅದರ ಮೇಲೆ ಮಡಿಸುವಳು. ಹಾಗೆ ಮಡಿಸಿದರೆ ಒಂದೇ ಎಲೆ ಎರಡು ಕಡೆಯೂ ಒತ್ತುತ್ತದೆ, ಬಿಚ್ಚಿದಾಗ ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರಾಗಿ ನಿಲ್ಲುತ್ತದೆ. ಆಮೇಲೆ ಕೋಲಿಗೆ ಸುತ್ತಿ, ದಾರದಿಂದ ಬಿಗಿದು, ಹಬೆಗಿಟ್ಟು, ಇಳಿಸಿ, ತಣ್ಣಗಾಗಲು ಬಿಡುವಳು.

ಬಿಡುವುದೆಂದರೆ ನಿಜವಾಗಿಯೂ ಬಿಡುವುದು. ಮರುದಿನ ಬೆಳಕಾಗುವವರೆಗೆ ಆ ಉರುಳೆಯನ್ನು ಯಾರೂ ಮುಟ್ಟುವಂತಿಲ್ಲ, ಹೇಗೆ ಬಂದಿರಬಹುದು ಎಂದು ಕೇಳುವಂತಿಲ್ಲ. ಕೇಳಿದರೆ ಒಂದೇ ಉತ್ತರ: 'ನೋಡೋಣ, ಬಟ್ಟೆ ಏನನ್ನುತ್ತೋ.' ಈ ಮಾತು ಬರಬರುತ್ತ ಅವಳ ಬಾಯಿಗೆ ಎಷ್ಟು ಅಂಟಿತೆಂದರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೂ, ನೋಡೋಣ, ಬಸ್ಸು ಏನನ್ನುತ್ತೋ ಎನ್ನುವಳು. ಬಸ್ ಡ್ರೈವರಾದ ಅಣ್ಣನಿಗೆ ಇದರಿಂದ ವೃತ್ತಿಗೌರವಕ್ಕೆ ಧಕ್ಕೆಯಾಗುತ್ತಿತ್ತು. ಬಸ್ಸು ಏನೂ ಅನ್ನುವುದಿಲ್ಲ, ಅನ್ನುವವನು ನಾನು ಎಂದು ಅವರು ವಾದಿಸುವರು. ಅವಳು ಆ ಮಾತನ್ನೂ ಎಲೆಯ ಹಾಗೆ ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಇಳಿಸುವಳು.

ಪಕ್ಕದ ಬೀದಿಯ ದರ್ಜಿ ಒಮ್ಮೆ ತನ್ನದೇ ಬಟ್ಟೆ ತಂದುಕೊಟ್ಟು, ಉರುಳೆ ಒಲೆಯಿಂದ ಇಳಿದದ್ದೇ ತಡ, ಗಿರಾಕಿ ಕಾಯುತ್ತಿದ್ದಾನೆಂದು ಎತ್ತಿಕೊಂಡು ಹೋಗಿ ಕತ್ತರಿಯಿಂದ ದಾರ ಕತ್ತರಿಸಿದ. ಒಳಗೆ ಎಲೆಗಳಿರಲಿಲ್ಲ, ಎಲೆಗಳ ನೆನಪಿನಂಥದೇನೋ ಮಸುಕಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅತ್ತಿಗೆ ಕೂಡ ಆ ದಿನ ನಾದಿನಿಯ ಪರವಾಗಿ ಮಾತಾಡಿದರು. ಎಲೆಯಕ್ಕ ಮಾತ್ರ ಬೇಸರಪಡಲಿಲ್ಲ. ಅವನಿಗೆ ಇನ್ನೊಂದು ತುಂಡು ಮಾಡಿಕೊಟ್ಟಳು, ಆದರೆ ಅದು ತಣ್ಣಗಾಗುವವರೆಗೂ ಅವನ ಕತ್ತರಿಯನ್ನು ತನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಳು.

ಹೀಗೆ ಅತ್ತಿಗೆ ಮೂಗು ಮುರಿಯುತ್ತ, ಎಲೆಯಕ್ಕ ಬಾಗಿಲು ತಟ್ಟುತ್ತ, ನಡುವೆ ಅಣ್ಣ ಇಬ್ಬರಿಗೂ ಹೌದು ಹೌದು ಅನ್ನುತ್ತ ಕಾಲ ಸಾಗಿದಾಗ, ಅತ್ತಿಗೆ ಕೆಲಸದಿಂದ ನಿವೃತ್ತರಾಗುವ ದಿನ ಹತ್ತಿರ ಬಂತು. ಆಸ್ಪತ್ರೆಯ ಸಭಾಂಗಣದಲ್ಲಿ ಒಂದು ಬೀಳ್ಕೊಡುಗೆ, ಎಲ್ಲರ ಎದುರಿಗೆ ನಿಂತು ಎರಡು ಮಾತು. ಅತ್ತಿಗೆಗೆ ಮಾತಿನ ಚಿಂತೆಯಿರಲಿಲ್ಲ. ಆ ದಿನ ಹೆಗಲ ಮೇಲೆ ಏನಿರಬೇಕೆಂಬುದನ್ನು ಅವರು ಯಾವತ್ತೋ ನಿಶ್ಚಯಿಸಿದ್ದರು. ಅದು ಅವರ ಅಮ್ಮನ ಬಿಳಿ ರೇಷ್ಮೆ ಶಾಲು. ಅವರ ಅಮ್ಮ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ತೊಟ್ಟಿಯ ಪಕ್ಕ ನಿಂತು ಕೈಯಲ್ಲಿ ಬಟ್ಟೆ ಒಗೆದವರು. ಜೀವಮಾನದಲ್ಲಿ ತನಗೆಂದು ಕೊಂಡ ಒಂದೇ ಒಂದು ಚಂದದ ವಸ್ತುವೆಂದರೆ ಆ ಶಾಲು. ಕೆಲಸದಿಂದ ಬಿಡುವಾದ ದಿನ ಹೊದೆಯುತ್ತೇನೆ ಎಂದು ಮಡಿಸಿಟ್ಟಿದ್ದರು. ಬಿಡುವು ಬರುವ ಮೊದಲೇ ಅವರು ಹೋದರು. ಅಮ್ಮ ಹೊದೆಯದೆ ಉಳಿದದ್ದನ್ನು ಮಗಳು ಅದೇ ಕಟ್ಟಡದಲ್ಲಿ ಹೊದ್ದು ನಿಲ್ಲಬೇಕು. ಅದೊಂದೇ ಆಸೆ.

ಟ್ರಂಕು ತೆರೆದು ನೋಡಿದರೆ ಶಾಲಿನ ಒಂದು ಬದಿಗೆ, ಸರಿಯಾಗಿ ಹೆಗಲ ಮೇಲೆ ಬರುವಲ್ಲಿ, ಅಂಗೈಯಗಲದ ತುಕ್ಕಿನ ಕಲೆ. ಟ್ರಂಕಿನ ಕೀಲು ಒಳಗಿಂದೊಳಗೇ ಸವೆದು ಬಟ್ಟೆಗೆ ತಾಗಿತ್ತು. ಅತ್ತಿಗೆ ತಮಗೆ ಗೊತ್ತಿದ್ದ ಎಲ್ಲ ವಿದ್ಯೆಯನ್ನೂ ಪ್ರಯೋಗಿಸಿದರು. ನಿಂಬೆಹಣ್ಣು ಹಿಂಡಿದರು, ಉಪ್ಪು ಉದುರಿಸಿದರು, ಬಿಸಿಲಿಗೆ ಹಿಡಿದರು. ಕಲೆ ಸ್ವಲ್ಪ ತಿಳಿಯಾಯಿತು, ಆದರೆ ರೇಷ್ಮೆಯ ಎಳೆಗಳು ಅದಕ್ಕಿಂತ ಬೇಗ ಸವೆಯತೊಡಗಿದವು. ಇನ್ನೊಂದು ಸಲ ಉಜ್ಜಿದರೆ ಕಲೆಯ ಜಾಗದಲ್ಲಿ ತೂತು. ಅತ್ತಿಗೆ ಕೈ ಹಿಂತೆಗೆದು ಕುಳಿತರು. ಊರಿನವರ ಕಲೆ ತೆಗೆದು ಹೆಸರು ಮಾಡಿದ ಹೆಂಗಸು ತನ್ನ ಕೊನೆಯ ದಿನ ಹೆಗಲ ಮೇಲೆ ಕಲೆ ಹೊತ್ತು ನಿಂತರೆ ಲಾಂಡ್ರಿಯವರು ಏನೆಂದಾರು? ಹೊದೆಯದೆ ಹೋದರೆ ಅಮ್ಮ?

ಆ ಸಂಜೆ ಎಲೆಯಕ್ಕನ ಕೋಣೆಯ ಬಾಗಿಲು ಎರಡು ಸಲ ತಟ್ಟಿದ ಸದ್ದಾಯಿತು. ಎಲೆಯಕ್ಕ ಬೆಚ್ಚಿದಳು; ಆ ಮನೆಯಲ್ಲಿ ಬಾಗಿಲು ತಟ್ಟುವವಳು ತಾನೊಬ್ಬಳೇ, ತಾನೋ ಒಳಗಿದ್ದಾಳೆ. ಹೊರಗೆ ಅತ್ತಿಗೆ ಶಾಲು ಹಿಡಿದು ನಿಂತಿದ್ದರು. ವಿಷಯವನ್ನೆಲ್ಲ ಹೇಳಿ, ನೀನು ಇದರ ಮೇಲೆ ಏನಾದರೂ ಮೂಡಿಸಿ ಇದನ್ನು ಮುಚ್ಚಿಬಿಡು ಎಂದರು. ಎಲೆಯಕ್ಕ ಶಾಲನ್ನು ಮುಟ್ಟಲಿಲ್ಲ. ಕೈಗಳೆರಡನ್ನೂ ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡಳು.

'ಬೇಡ ಅತ್ತಿಗೆ. ನಾನು ಹಳೇ ದಿಂಬಿನ ಚೀಲದ ಮೇಲೆ ಆಟ ಆಡೋಳು. ಇದು ಒಂದೇ ಒಂದು ಇರೋದು.'

'ಒಂದೇ ಒಂದು ಇರೋದಕ್ಕೇ ನಿನ್ನ ಹತ್ರ ತಂದಿದ್ದು ಕಣೇ. ಎರಡಿದ್ದಿದ್ರೆ ನಾನೇ ಕೆಡಿಸ್ತಿದ್ದೆ.'

ಆದರೂ ಅವಳು ಒಪ್ಪಿದ್ದು ಮರುದಿನ ಬೆಳಿಗ್ಗೆ. ಒಪ್ಪಿದ ಮೇಲೆ ಬೀದಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನೀಲಗಿರಿಯ ಉದ್ದೆಲೆ, ಗುಲಾಬಿಯ ಚಿಕ್ಕೆಲೆ, ಹರಳು ಗಿಡದ ಒಂದು ದೊಡ್ಡ ಎಲೆ ತಂದಳು. ಯಾರ ಬೇಲಿಯೊಳಗಿಂದ ಕಿತ್ತರೂ ಆ ಬೇಲಿಯನ್ನು ಮೊದಲು ತಟ್ಟಿಯೇ ಕಿತ್ತದ್ದು. ಅತ್ತಿಗೆ ಅಡುಗೆಮನೆಯ ಅಟ್ಟದಿಂದ, ಆವರೆಗೆ ಅವಳ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡಿದ್ದ ಅತಿ ದೊಡ್ಡ ಪಾತ್ರೆಯನ್ನು ತಾವೇ ಇಳಿಸಿಕೊಟ್ಟರು. ಇದನ್ನು ಕಂಡು ಅಣ್ಣ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಎಂದು ಕಿಟಕಿಗೆ ಹೋಗಿ ನೋಡಿದರು.

ಎಲೆಯಕ್ಕ ಈ ಶಾಲಿಗೆ ಯಾರಿಗೂ ಹೇಳದೆ ಮನಸ್ಸಿನಲ್ಲೇ ಬೇರೆ ಉಪಾಯ ಹೂಡಿದ್ದಳು. ಇದನ್ನು ಮಡಿಸುವಂತಿಲ್ಲ. ಪೂರ್ತಿ ಹರಡಿ, ಕಲೆಯ ಮೇಲೆ ಹರಳೆಲೆ ಇಟ್ಟು, ಮೇಲೆ ಒಂದು ಹಳೆಯ ಬಟ್ಟೆ ಹೊದಿಸಿ ಸುತ್ತಬೇಕು. ತುಕ್ಕು ಹರಿದರೆ ಆ ಹಳೆಯ ಬಟ್ಟೆಗೆ ಹರಿಯಲಿ. ಊಟದ ಮೇಜಿನ ತುಂಬ ಒದ್ದೆ ರೇಷ್ಮೆ ಹಾಸಿ, ಅದರ ಒಂದರ್ಧದ ಮೇಲೆ ಎಲೆ ಜೋಡಿಸಿದಳು. ಇನ್ನರ್ಧಕ್ಕೆ ಎಲೆ ಸಾಲಲಿಲ್ಲ. ಎರಡು ನಿಮಿಷ ಎಂದು ಹಿತ್ತಿಲಿಗೆ ಹೋದಳು.

ಮೇಜಿನ ಪಕ್ಕ ಅತ್ತಿಗೆ ಒಬ್ಬರೇ ಉಳಿದರು. ಎದುರಿಗೆ ಒಂದು ಬಟ್ಟೆ ಹರಡಿಕೊಂಡು ಬಿದ್ದಿದೆ, ಅಂಚು ಮೇಜಿನಿಂದ ಇಳಿದು ಜೋತಾಡುತ್ತಿದೆ. ಜೀವಮಾನವೆಲ್ಲ ಬಟ್ಟೆ ಮಡಿಸಿದ ಕೈಗೆ ಇದಕ್ಕಿಂತ ದೊಡ್ಡ ಹಿಂಸೆ ಬೇರೆಯಿಲ್ಲ. ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ತಡೆದರು. ಆಮೇಲೆ, ನಾದಿನಿ ಎಂದೂ ಮಾಡುವುದು ಇದನ್ನೇ ಅಲ್ಲವೇ, ಒಂದು ಕೆಲಸ ಹಗುರವಾಗಲಿ ಎಂದುಕೊಂಡು, ಬರಿದಾಗಿದ್ದ ಅರ್ಧವನ್ನು ಎರಡು ತುದಿಗಳಲ್ಲಿ ಹಿಡಿದೆತ್ತಿ, ಎಲೆಗಳ ಮೇಲೆ ಅಂಚಿಗೆ ಅಂಚು ಕೂಡಿಸಿ, ಒಂದೂ ಸುಕ್ಕಿಲ್ಲದಂತೆ ಅಂಗೈಯಿಂದ ಒತ್ತಿ ಮಡಿಸಿದರು. ಬಹಳ ಚೊಕ್ಕವಾದ ಮಡಿಕೆ ಅದು.

ಎಲೆಯಕ್ಕ ಬಂದಳು. ಅವಳ ಕಣ್ಣು ಮಡಿಸಿದ ಬಟ್ಟೆ ಕಂಡೇ ಪಳಗಿದ್ದು. ಮಡಿಸಿದೆಯಲ್ಲ, ಇನ್ನು ಸುತ್ತುವುದು ಎಂದು ಕೈ ತನ್ನಷ್ಟಕ್ಕೆ ನಡೆಯಿತು. ಮನಸ್ಸು ಕಲೆಯನ್ನು ಮುಚ್ಚುವುದರಲ್ಲೇ ಮುಳುಗಿತ್ತು, ಮುಚ್ಚಿದ್ದು ಯಾವುದರಿಂದ ಎಂದು ನೋಡಲಿಲ್ಲ. ಹಿತ್ತಿಲಿನಿಂದ ತಂದ ಎಲೆಗಳು ಕೋಟಿನ ಜೇಬಿನಲ್ಲೂ, ಹಳೆಯ ಬಟ್ಟೆ ಕುರ್ಚಿಯ ಬೆನ್ನಿನ ಮೇಲೂ ಹಾಗೆಯೇ ಉಳಿದವು. ಕೋಲಿಗೆ ಸುತ್ತಿ, ಅತ್ತಿಗೆ ಒಂದು ತುದಿ ಹಿಡಿದು, ಇವಳು ಇನ್ನೊಂದು ತುದಿಯಿಂದ ದಾರ ಬಿಗಿದು, ಹಬೆಗಿಟ್ಟರು.

ಸಂಜೆ ಉರುಳೆ ಒಲೆಯಿಂದ ಇಳಿದು ಕಿಟಕಿಯ ಕಟ್ಟೆಯ ಮೇಲೆ ಮಲಗಿತು. ಬೀಳ್ಕೊಡುಗೆ ಮರುದಿನ ಮಧ್ಯಾಹ್ನಕ್ಕೆ. ಅತ್ತಿಗೆ ಅದರ ಸುತ್ತ ಸುಳಿದಾಡಿದರು. ನೀರು ಕುಡಿಯುವ ನೆಪದಲ್ಲಿ ಬಂದರು, ಕಿಟಕಿ ಹಾಕುವ ನೆಪದಲ್ಲಿ ಬಂದರು, ಹಾಕಿದ ಕಿಟಕಿಯನ್ನು ತೆರೆಯುವ ನೆಪದಲ್ಲಿ ಬಂದರು. ಅಂಚನ್ನು ಮಾತ್ರ ಒಂದಿಷ್ಟು ಸರಿಸಿ ನೋಡಿದರೆ ಏನಾಗುತ್ತದೆ ಎಂದು ಕೇಳಿದರು. ಎಲೆಯಕ್ಕ ತನ್ನ ಮಾಮೂಲು ಉತ್ತರ ಕೊಟ್ಟಳು. ಅತ್ತಿಗೆಗೆ ರೇಗಿತು. ಬಟ್ಟೆಗೆ ಬಾಯಿಲ್ಲ, ಇರುವುದು ನನಗೆ, ನಾಳೆ ಅಷ್ಟು ಜನರ ಮುಂದೆ ನಿಲ್ಲುವವಳು ನಾನು ಎಂದರು. ಎಲೆಯಕ್ಕ ಎದ್ದು, ಅಡುಗೆಮನೆಯ ಸ್ಟೂಲನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು, ಉರುಳೆಗೆ ಅಡ್ಡಲಾಗಿ ಕುಳಿತುಬಿಟ್ಟಳು. ಆ ಮೆಲುದನಿಯ ಹೆಂಗಸಿನೊಳಗೆ ಇಂಥದೊಂದು ಬಂಡೆಗಲ್ಲು ಇದೆಯೆಂದು ಅತ್ತಿಗೆಗೆ ಅಷ್ಟು ವರ್ಷ ತಿಳಿದೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ಚಾಚಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಇನ್ನೂ ಬೆಚ್ಚಗಿದ್ದ ಉರುಳೆಯನ್ನು ಮುಟ್ಟಿದರು. ಅಷ್ಟಕ್ಕೆ ಎಲೆಯಕ್ಕ ಆಕ್ಷೇಪಿಸಲಿಲ್ಲ.

ಬೆಳಿಗ್ಗೆ ಬಿಚ್ಚಿದರು. ದಾರ ಸುರುಳಿ ಸುರುಳಿಯಾಗಿ ಕಳಚಿತು. ಬೆಂದ ಎಲೆಗಳನ್ನು ಎಲೆಯಕ್ಕ ಉಗುರಿನ ತುದಿಯಿಂದ ಎತ್ತಿ ಎತ್ತಿ ತೆಗೆದಂತೆ, ಕೆಳಗಿನಿಂದ ನೀಲಗಿರಿ ಇಟ್ಟಿಗೆಯ ಕೆಂಪಾಗಿ, ಗುಲಾಬಿ ಎಲೆಗಳು ಅಂಚಿನ ಹಲ್ಲು ಹಲ್ಲೂ ಕಾಣುವಂತೆ ಬೂದಿಹಸಿರಾಗಿ ಎದ್ದವು. ಅತ್ತಿಗೆಯ ಬಾಯಿಂದ ಅವರಿಗೇ ತಿಳಿಯದ ಒಂದು ಉದ್ಗಾರ ಹೊರಟಿತು. ಕೊನೆಗೆ ಹರಳೆಲೆ. ಅದನ್ನು ತೆಗೆದಾಗ ಕಲೆ ಅಲ್ಲಿಯೇ ಇತ್ತು. ಮಾಸಿರಲಿಲ್ಲ, ಮುಚ್ಚಿರಲಿಲ್ಲ. ಎಲೆಯ ಒಗರು ಕುಡಿದು ಶಾಯಿಯಷ್ಟು ಕಪ್ಪಾಗಿತ್ತು. ಮಡಿಕೆಯನ್ನು ಪೂರ್ತಿ ಬಿಡಿಸಿದರೆ ಎದುರುಬದಿಯಲ್ಲಿ, ಇನ್ನೊಂದು ಹೆಗಲ ಮೇಲೆ ಬರುವಲ್ಲಿ, ಅದೇ ಆಕಾರದ, ಅಷ್ಟೇ ಅಗಲದ, ಅಷ್ಟೇ ಕಪ್ಪಾದ ಮತ್ತೊಂದು ಕಲೆ.

ಎಲೆಯಕ್ಕ ನೆಲದ ಮೇಲೆ ಕುಳಿತಳು. ಅವಳ ದೃಷ್ಟಿ ಕುರ್ಚಿಯ ಬೆನ್ನಿನ ಮೇಲಿದ್ದ ಹಳೆಯ ಬಟ್ಟೆಯತ್ತ ಹೋಯಿತು. ಎಲ್ಲವೂ ಅರ್ಥವಾಯಿತು.

'ಫೋಟೋ ಆಗಿದ್ರೆ ಇನ್ನೊಂದು ಪ್ರಿಂಟ್ ಹಾಕ್ತಿದ್ದೆ ಅತ್ತಿಗೆ. ಇದಕ್ಕೆ ನೆಗೆಟಿವ್ ಇಲ್ಲ.'

ಅತ್ತಿಗೆ ಶಾಲನ್ನೇ ನೋಡುತ್ತಿದ್ದರು. ಎರಡು ಕಲೆಗಳ ನಡುವಿನ ಮಡಿಕೆಯ ಗೆರೆ ಅಂಚಿಗೆ ಅಂಚು ಕೂಡಿ ನೇರವಾಗಿತ್ತು. ಅಷ್ಟು ನೇರವಾಗಿ ಮಡಿಸುವವರು ಆ ಮನೆಯಲ್ಲಿ ಒಬ್ಬರೇ. ಮಡಿಸಿದವಳು ನಾನು ಎಂದರು. ಎಲೆಯಕ್ಕ ಒಪ್ಪಲಿಲ್ಲ, ನೋಡದೆ ಸುತ್ತಿದವಳು ನಾನು ಎಂದಳು. ನೀನು ಎಲೆ ತರಲು ಹೋದೆ, ಕೇಳದೆ ಕೈ ಹಾಕಿದವಳು ನಾನು ಎಂದು ಅತ್ತಿಗೆ, ನೀವು ಸಹಾಯಕ್ಕೆಂದು ಮಡಿಸಿದಿರಿ, ಕಣ್ಣಿದ್ದೂ ಕಾಣದವಳು ನಾನು ಎಂದು ಎಲೆಯಕ್ಕ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಜಗಳ ಆ ಮನೆಗೆ ಹೊಸದಲ್ಲ. ತಪ್ಪು ನನ್ನದೆಂದು ಇಬ್ಬರೂ ಎಳೆದಾಡುವ ಜಗಳ ಅಣ್ಣನಿಗೆ ಹೊಸದು. ಅವರು ಮುಖಕ್ಕೆ ಹಚ್ಚಿದ್ದ ಸೋಪಿನ ನೊರೆಯೊಂದಿಗೇ, ಕೈಯಲ್ಲಿ ರೇಜರ್ ಹಿಡಿದು ಓಡಿಬಂದರು. ಇಬ್ಬರನ್ನೂ ನೋಡಿ, ಶಾಲನ್ನು ನೋಡಿ, ಚೆನ್ನಾಗಿದೆಯಲ್ಲ, ಎಲ್ಲಿದೆ ಕಲೆ ಎಂದು ಕೇಳಿದರು. ಅತ್ತಿಗೆ ಬೆರಳು ಮಾಡಿ ಎರಡನ್ನೂ ತೋರಿಸಿದರು.

'ಅಯ್ಯೋ, ಅದು ಕಲೆ ಅಂತ ನನಗೇನೇ ಗೊತ್ತು?' ಎಂದರು ಅಣ್ಣ. 'ಒಂದಿದ್ರೆ ಕಲೆ. ಆ ಕಡೆ ಒಂದು ಈ ಕಡೆ ಒಂದು ಇದ್ರೆ ಡಿಸೈನು. ಬಸ್ಸಿಗೂ ಹಂಗೇ ಅಲ್ವಾ ಎರಡು ಲೈಟು?'

ಹೇಳಿದವರು ನೊರೆ ಒಣಗುತ್ತಿದೆಯೆಂದು ಬಚ್ಚಲಿಗೆ ಹೋದರು. ಅತ್ತಿಗೆ ಶಾಲನ್ನು ಎತ್ತಿ ಬೆಳಕಿಗೆ ಹಿಡಿದರು. ಕಲೆ ಕಂಡರೆ ಕಿಸೆಯಲ್ಲಿ ನಿಂಬೆಹಣ್ಣು ಹುಡುಕುವ ಆ ಕಣ್ಣಿಗೆ ಇವತ್ತು ಕಲೆಯನ್ನು ಸುಮ್ಮನೆ ನೋಡುವ ಕೆಲಸ ಬಂದಿತ್ತು; ಅಭ್ಯಾಸವಿಲ್ಲದ ಕೆಲಸ, ನಿಧಾನವಾಯಿತು. ಶಾಲನ್ನು ತಣ್ಣೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಅತಿ ಮೆಲ್ಲಗೆ ಇಸ್ತ್ರಿ ಮಾಡಿದರು. ಕನ್ನಡಿಯ ಮುಂದೆ ಹೊದ್ದು ನಿಂತರು. ತಿರುಗಿ, ನೆಲದ ಮೇಲೆಯೇ ಕುಳಿತಿದ್ದ ನಾದಿನಿಗೆ, ಎದ್ದು ಮುಖ ತೊಳ್ಕೋ, ಆ ಕೋಟು ಬಿಚ್ಚಿಟ್ಟು ಬಾ, ಹೊತ್ತಾಗುತ್ತೆ ಎಂದರು. ಎಲೆಯಕ್ಕ ಮುಖ ತೊಳೆದುಕೊಂಡಳು. ಕೋಟು ಮಾತ್ರ ಬಿಚ್ಚಲಿಲ್ಲ.

ಸಭಾಂಗಣದಲ್ಲಿ ಅತ್ತಿಗೆ ಎರಡು ಮಾತಿಗೆ ಬದಲು ಇಪ್ಪತ್ತು ಮಾತಾಡಿದರು, ಜನ ನಕ್ಕರು, ಚಪ್ಪಾಳೆ ತಟ್ಟಿದರು. ಎಲೆಯಕ್ಕ ಕೊನೆಯ ಸಾಲಿನಲ್ಲಿ ಅಣ್ಣನ ಪಕ್ಕ ಕುಳಿತು, ವೇದಿಕೆಯನ್ನು ನೋಡಲಾರದೆ ತನ್ನ ಮಂಡಿಯನ್ನು ನೋಡುತ್ತಿದ್ದಳು. ಎಲ್ಲ ಮುಗಿದು ಜನ ವೇದಿಕೆಯ ಕೆಳಗೆ ಗುಂಪುಗೂಡಿದಾಗ ಲಾಂಡ್ರಿಯ ಹಿರಿಯ ಮೇಸ್ತ್ರಿ ಹತ್ತಿರ ಬಂದರು. ಆಸ್ಪತ್ರೆಯಲ್ಲಿ ಅವರಿಗೆ ಭೂತಗನ್ನಡಿ ಎಂದು ಹೆಸರು; ಅವರ ಕಣ್ಣು ತಪ್ಪಿಸಿದ ಕಲೆ ಎಂಬುದಿಲ್ಲ. ಶಾಲು ಭಾರಿ ಚಂದ, ಅಂಗಡಿಯದೇ ಎಂದು ಎಲ್ಲರೂ ಕೇಳುತ್ತಿರುವಾಗ ಅವರೊಬ್ಬರು ಬಗ್ಗಿ, ಅತ್ತಿಗೆಯ ಹೆಗಲಿನ ಹತ್ತಿರಕ್ಕೆ ಮುಖ ತಂದು, ಒಂದು ಬದಿ ನೋಡಿದರು, ಇನ್ನೊಂದು ಬದಿ ನೋಡಿದರು.

'ಇದು ತುಕ್ಕಲ್ವಾ ಅಕ್ಕಾವ್ರೇ?'

ಕೊನೆಯ ಸಾಲಿನಿಂದ ಎದ್ದು ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದ ಎಲೆಯಕ್ಕನಿಗೆ ಅದು ಕೇಳಿಸಿತು. ಅವಳ ಕೈ ಜೇಬಿನೊಳಗೆ ಮುಷ್ಟಿಯಾಯಿತು. ಅತ್ತಿಗೆ ಶಾಲನ್ನು ಸರಿಸಿಕೊಳ್ಳಲಿಲ್ಲ, ಸೆರೆಸಿಕ್ಕವರಂತೆ ಅತ್ತಿತ್ತ ನೋಡಲೂ ಇಲ್ಲ. ಬಟ್ಟೆ ಕೋಣೆಯ ಕಿಟಕಿಯಿಂದ ಲಾಂಡ್ರಿಯವರೊಂದಿಗೆ ಮಾತಾಡುವ ಅದೇ ಗಟ್ಟಿ ದನಿಯಲ್ಲಿ ಹೇಳಿದರು:

'ತುಕ್ಕೇ. ನಮ್ಮಮ್ಮನ ಶಾಲಿದು. ಒಂದಿತ್ತು, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಅದಕ್ಕೆ ನಮ್ಮ ನಾದಿನಿ ಹತ್ರ ಕೊಟ್ಟು ಎರಡು ಮಾಡಿಸ್ಕೊಂಡೆ.'

ಮೇಸ್ತ್ರಿ ನಗಲೋ ಬೇಡವೋ ತಿಳಿಯದೆ ನಿಂತರು, ಆಮೇಲೆ ನಕ್ಕರು, ಆಮೇಲೆ ಮತ್ತೊಮ್ಮೆ ಬಗ್ಗಿ, ಈ ಸಲ ಕಲೆ ಹುಡುಕುವ ಕಣ್ಣಿನಿಂದಲ್ಲದೆ, ಎರಡೂ ಬದಿಯನ್ನು ನೋಡಿದರು. ಎಲ್ಲಿ ನಿಮ್ಮ ನಾದಿನಿ ಎಂದು ಕೇಳಿದರು. ಅತ್ತಿಗೆ ಗುಂಪಿನೊಳಗಿಂದಲೇ ಕೈ ಚಾಚಿ ನೀಲಿ ಕೋಟಿನ ತೋಳು ಹಿಡಿದು ಎಳೆದು, ಇವಳೇ ಎಂದರು. ಅಷ್ಟು ಬೆಳಕಿನಲ್ಲಿ, ಅಷ್ಟು ಜನರ ನಡುವೆ ನಿಂತು ಅಭ್ಯಾಸವಿಲ್ಲದ ಎಲೆಯಕ್ಕ ಕಣ್ಣು ಕಿರಿದು ಮಾಡಿಕೊಂಡಳು. ಒಂದು ಕ್ಷಣ ಬಿಟ್ಟು ನಕ್ಕಳು. ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ತುಟಿ.

ಲೋಕದಲ್ಲಿ ತಪ್ಪನ್ನು ಅಳಿಸುವವರ ಸಂಖ್ಯೆ ದೊಡ್ಡದು, ಅವರಿಂದಲೇ ಆಸ್ಪತ್ರೆಗಳು ನಡೆಯುತ್ತವೆ, ಮನೆಗಳು ಬೆಳಗುತ್ತವೆ. ಅವರನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಪರೂಪಕ್ಕೆ ಎಲ್ಲೋ ಇನ್ನೊಂದು ಜಾತಿಯ ಜನರಿರುತ್ತಾರೆ. ಅವರು ತಮ್ಮ ಶಕ್ತಿಯನ್ನೆಲ್ಲ ಹಾಕಿ ಕೆಲಸ ಮಾಡಿ, ಫಲವನ್ನು ಮಾತ್ರ ತಮ್ಮದೆಂದು ಹೇಳಿಕೊಳ್ಳದೆ, ಅದು ಹೊರಬರುವ ದಾರಿಯನ್ನು ಕಾದು ಕುಳಿತಿರುತ್ತಾರೆ. ಬಂದದ್ದು ಬಯಸಿದ್ದಲ್ಲವಾದಾಗ ಅವರಿಗೂ ನೋವಾಗುತ್ತದೆ, ಅವರೂ ನೆಲ ಹಿಡಿದು ಕೂರುತ್ತಾರೆ. ಅವರ ಭಾಗ್ಯವಿರುವುದು ತಾವು ಮಾಡಿದ್ದನ್ನು ಹೊದ್ದು ನಾಲ್ಕು ಜನರ ನಡುವೆ ನಿಲ್ಲುವ ಗಟ್ಟಿ ದನಿಯ ಒಬ್ಬರು ಮನೆಯಲ್ಲಿ ಸಿಕ್ಕುವುದರಲ್ಲಿ. ಮೆಲುದನಿಯವರು ಮೂಡಿಸಿದ್ದು ಲೋಕಕ್ಕೆ ಕಾಣುವುದು ಅಂಥ ಹೆಗಲುಗಳ ಮೇಲೆಯೇ.